ಯಾರೂ ಎಳೆಯದ ಕಾಲು

ನನ್ನ ಎಡಗಾಲಿನ ಮೊಣಕಾಲು ಹೋದಾಗ ನಮ್ಮ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಕಾರಣ ಹುಡುಕಿಕೊಂಡರು. ತಂಗಿ ಪವಿತ್ರಳ ಪ್ರಕಾರ ಅವಳು ನನ್ನ ಕಾಲು ಹಿಡಿದು ಎಳೆದದ್ದೇ ಕಾರಣ. ಅಮ್ಮನ ಪ್ರಕಾರ ಆವತ್ತು ಬೆಳಿಗ್ಗೆ ನನಗೆ ಹೊಟ್ಟೆ ತುಂಬ ತಿನ್ನಿಸದೆ ಕಳಿಸಿದ್ದು ಕಾರಣ. ಅಪ್ಪನಿಗೆ ಮಾತ್ರ ಯಾವ ತಪ್ಪೂ ಹೊಳೆಯಲಿಲ್ಲ. 'ಆಟ ಅಂದ್ಮೇಲೆ ಏಟು ಇದ್ದಿದ್ದೇ, ಪರ್ವಾಲೇದು' ಅಂತ ಅವನ ಮಾಮೂಲಿ ಅರ್ಧ ತೆಲುಗಿನಲ್ಲಿ ಹೇಳಿ ಬಸ್ಸು ಓಡಿಸಲು ಹೋಗಿಬಿಟ್ಟ. ಆ ದಿನಗಳಲ್ಲಿ ಮನೆಯಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದವನು ಅಪ್ಪ ಒಬ್ಬನೇ.

ನಾನು ಭಾಗ್ಯ. ಕೋಲಾರದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರು. ಊರು ಹೋಳೂರು. ಜಿಲ್ಲೆಯ ಕಬಡ್ಡಿ ತಂಡದಲ್ಲಿ ಕೆಲವು ವರ್ಷ ರೈಡ್ ಹೋಗುತ್ತಿದ್ದೆ. ಮೊಣಕಾಲಿನ ಒಳಗಿನ ಲಿಗಮೆಂಟು ಹರಿದು, ಆಪರೇಷನ್ ಆಗಿ, ಮಗುವಿನ ಹಾಗೆ ನಡೆಯುವುದನ್ನು ಮತ್ತೆ ಕಲಿತು, ಈಗ ಓಡುತ್ತಿದ್ದೇನೆ. ಚಳಿ ಬಿದ್ದ ಬೆಳಿಗ್ಗೆ ಕಾಲು ಸ್ವಲ್ಪ ಹಟ ಮಾಡುತ್ತದೆ, ನಾನೂ ಹಟ ಮಾಡುತ್ತೇನೆ. ಸ್ಕ್ಯಾನಿಂಗ್ ರೂಮಿನ ಹೊರಗೆ ಚಪ್ಪಲಿ ಬಿಟ್ಟು, ತಲೆಯ ಪಿನ್ನು ಬಿಚ್ಚಿ ಕೈಯಲ್ಲಿಟ್ಟುಕೊಂಡು, ಒಳಗೆ ಕರೆಯುವುದನ್ನೇ ಕಾಯುತ್ತಾ ಕೂತ ಯಾವುದಾದರೂ ಹುಡುಗಿಗೆ ಇದು ಸಿಕ್ಕರೆ ಸಿಗಲಿ ಅಂತ ಬರೆಯುತ್ತಿದ್ದೇನೆ. ಕಾಲಿನ ಕಥೆಗಿಂತ ಕಾಲಿನ ಸುತ್ತ ಕೂತವರ ಕಥೆಯೇ ಇದರಲ್ಲಿ ಹೆಚ್ಚು.

ಜಿಲ್ಲಾ ತಂಡದ ಆಯ್ಕೆ ಹತ್ತಿರ ಬರುತ್ತಿದ್ದ ಕಾಲ ಅದು. ಮಾಲೂರಿನ ಒಂದು ಹಾಲ್‌ನಲ್ಲಿ ಹೊಸದಾಗಿ ಮ್ಯಾಟ್ ಹಾಸಿದ್ದಾರೆ, ಅಭ್ಯಾಸಕ್ಕೆ ಬನ್ನಿ ಅಂತ ಕರೆ ಬಂತು. ನಾವು ಮಣ್ಣಿನಲ್ಲಿ ಆಡಿ ಬೆಳೆದವರು. ಮ್ಯಾಟ್ ಅಂದರೆ ಟೀವಿಯಲ್ಲಿ ನೋಡಿದ ವೈಭೋಗ. ಶೂ ಹಾಕಿಕೊಂಡು ಅದರ ಮೇಲೆ ನಿಂತರೆ ಪಾದ ಒಂದಿಷ್ಟೂ ಜಾರುವುದಿಲ್ಲ, ಇಟ್ಟ ಕಡೆ ಹಿಡಿದುಕೊಳ್ಳುತ್ತದೆ. ಪವಿ ಅಂತೂ ಒಳಗೆ ಹೋದವಳೇ ಅದರ ಮೇಲೆ ಉರುಳಾಡಿದಳು. 'ಅಕ್ಕಾ, ಮಂಡಿ ಕೆತ್ತೋದೇ ಇಲ್ಲ ಕಣಕ್ಕಾ! ಅಮ್ಮನ ಅರಿಶಿಣದ ಡಬ್ಬಿ ಇನ್ನು ಉಳ್ಕೊಳ್ತು' ಅಂದಳು.

ಎರಡು ಗುಂಪು ಮಾಡಿದರು. ನಾನೊಂದು ಕಡೆ, ಪವಿ ಇನ್ನೊಂದು ಕಡೆ. ನಾನು ರೈಡ್ ಹೋದಾಗ ಅವಳು ಪಕ್ಕದವಳ ಕೈ ಹಿಡಿದು ಚೈನ್ ಕಟ್ಟಿ ನನ್ನ ದಾರಿ ಮುಚ್ಚಿದಳು. ನನಗೆ ಹೆಸರು ತಂದ ಆಟವೇ ಅದು, ಹಿಡಿಯಲು ಬಂದವರ ಮೇಲಿಂದ ಹಾರಿ ಆಚೆ ಬೀಳುವುದು. ಹಾರಿದೆ. ಎಡಗಾಲು ಮ್ಯಾಟ್ ಮುಟ್ಟುವುದಕ್ಕೂ ಪವಿಯ ಕೈ ನನ್ನ ಹಿಮ್ಮಡಿಗೆ ಬೀಳುವುದಕ್ಕೂ ಸರಿಹೋಯಿತು. ಮೊಣಕಾಲಿನ ಒಳಗಿಂದ, ಕಬ್ಬಿನ ಜಲ್ಲೆ ಮುರಿದ ಹಾಗೆ ಒಂದು ಸದ್ದು. ನೋವು ಆಮೇಲೆ ಬಂತು. ಮೊದಲು ಬಂದದ್ದು ಭಯ, ಯಾಕೆಂದರೆ ಆ ಸದ್ದು ಹಾಲ್‌ನ ಆ ತುದಿಯಲ್ಲಿ ನಿಂತವರಿಗೂ ಕೇಳಿಸಿತ್ತು.

ಕೋಲಾರಕ್ಕೆ ವ್ಯಾನಿನಲ್ಲಿ ಕರೆದುಕೊಂಡು ಬಂದರು. ದಾರಿಯುದ್ದಕ್ಕೂ ನನ್ನ ಕಾಲು ಪವಿಯ ತೊಡೆಯ ಮೇಲಿತ್ತು. ರಸ್ತೆಯ ಪ್ರತಿ ಉಬ್ಬಿಗೂ ಅವಳು ಎರಡೂ ಕೈಯಲ್ಲಿ ಅದನ್ನು ಎತ್ತಿ ಹಿಡಿಯುತ್ತಿದ್ದಳು. ಅಮ್ಮ ಅಂಗನವಾಡಿಯಿಂದ ನೇರವಾಗಿ ಆಸ್ಪತ್ರೆಗೆ ಬಂದಿದ್ದಳು. ನನ್ನ ಕಾಲು ನೋಡಿದಳು, ಏನಾಯಿತು ಅಂತ ಕೇಳಿದಳು. ಪವಿಯೇ ಹೇಳಿದಳು, 'ನಾನು ಹಿಡ್ಕೊಂಡೆ ಅಮ್ಮ.'

'ಸ್ವಂತ ಅಕ್ಕನ್ನ ಹಂಗಾ ಹಿಡಿಯೋದು? ಒಂದು ಪಾಯಿಂಟ್ ಹೋದ್ರೆ ನಿಂದೇನೇ ಹೋಗ್ತಿತ್ತು?'

ಆಗ ನಾನು ಒಂದು ಮಾತು ಹೇಳಬೇಕಿತ್ತು. ಆಟದಲ್ಲಿ ಹಿಡಿಯದೆ ಇನ್ನೇನು ಮಾಡುತ್ತಾಳೆ, ಹಿಡಿಯುವುದೇ ಅವಳ ಕೆಲಸ ಅನ್ನಬೇಕಿತ್ತು. ಅನ್ನಲಿಲ್ಲ. ನೋವಿಗೆ ಮಾತು ಬರಲಿಲ್ಲ ಅಂತ ಬಹಳ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾತು ಬರುತ್ತಿತ್ತು. ನೀರು ಬೇಕು ಅಂತ ಕೇಳಿದ್ದೆ, ಫ್ಯಾನು ಹಾಕಿ ಅಂದಿದ್ದೆ. ಅವಳ ಪರವಾಗಿ ಒಂದು ಮಾತು ಆಡಲಿಲ್ಲ, ಯಾಕೆಂದರೆ ನನ್ನ ಮನಸ್ಸಿಗೂ ಹಾಗೇ ಅನ್ನಿಸಿತ್ತು.

ಊರಲ್ಲಿ ಸುದ್ದಿ ಹಬ್ಬಿತು. ಆಂಧ್ರದ ಕಡೆ ಒಳ್ಳೇ ಕಟ್ಟು ಕಟ್ಟುತ್ತಾರೆ, ಮೊಟ್ಟೆ, ಸೊಪ್ಪು ಅರೆದು ಹಾಕಿ ಬಿದಿರಿನ ದಬ್ಬೆ ಬಿಗಿದರೆ ಆನೆಯ ಕಾಲೂ ಕೂಡುತ್ತದೆ ಅಂತ ಹೇಳಲು ಬಂದವರು ಒಬ್ಬಿಬ್ಬರಲ್ಲ. ಮೂಳೆ ಮುರಿದೇ ಇಲ್ಲ ಅಂತ ಅವರಿಗೆ ಹೇಳಿ ಹೇಳಿ ಅಮ್ಮನಿಗೆ ಗಂಟಲು ಕಟ್ಟಿತು. ಇನ್ನು ಕೆಲವರಿಗೆ ನನ್ನ ಮದುವೆಯ ಚಿಂತೆ. ಅವರ ಬಾಯಿಗೆ ಹೆದರಿ ಅಮ್ಮ, ಮೆಟ್ಟಿಲ ಮೇಲಿಂದ ಬಿದ್ದಳು ಅಂತ ಹೊಸ ಕಥೆ ಹೇಳಲು ಶುರು ಮಾಡಿದಳು. ನಮ್ಮದು ಹೆಂಚಿನ ಮನೆ, ಹೊಸಲು ದಾಟಿದರೆ ನೆಲ. ಯಾವ ಮೆಟ್ಟಿಲು ಅಂತ ಯಾರೂ ಕೇಳಲಿಲ್ಲ, ಅದೇ ಪುಣ್ಯ.

ಮೂಳೆ ಡಾಕ್ಟರ ಕೋಣೆಯ ಮುಂದೆ ಕಬ್ಬಿಣದ ಕುರ್ಚಿಗಳ ಸಾಲಿತ್ತು. ಅಲ್ಲಿ ಕೂತಾಗ ನನಗೆ ನಾಚಿಕೆಯಾಗುತ್ತಿತ್ತು. ಸಕ್ಕರೆ ಕಾಯಿಲೆಗೆ ಬೆರಳು ಕಳೆದುಕೊಂಡವರು, ಲಾರಿಗೆ ಸಿಕ್ಕವರು, ಗೋಡೆ ಕಟ್ಟುವಾಗ ಸಾರ್ವೆಯಿಂದ ಬಿದ್ದವರು ಎಲ್ಲ ಸುತ್ತ ಕೂತಿದ್ದಾರೆ. ನಡುವೆ ನಾನು, ಆಡಲು ಹೋಗಿ ಬಿದ್ದವಳು. ಪಕ್ಕದಲ್ಲಿ ಶ್ರೀನಿವಾಸಪುರದ ಕಡೆಯ ಒಬ್ಬ ತಾತ ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ಕೂತಿದ್ದ.

'ನಿಂಗೇನಾಯ್ತಮ್ಮಾ?' ಅಂತ ಕೇಳಿದ.

ಅಮ್ಮ 'ಮೆಟ್ಲು' ಅನ್ನುವಷ್ಟರಲ್ಲಿ ನಾನು ಬಾಯಿ ಹಾಕಿದೆ. 'ಕಬಡ್ಡಿ ಆಡ್ತಾ ಬಿದ್ದೆ ತಾತ.'

ತಾತ ನಕ್ಕ. ನಕ್ಕಿದ್ದಕ್ಕೆ ಸೊಂಟ ಹಿಡಿದುಕೊಂಡು 'ಅಯ್ಯಪ್ಪಾ' ಅಂದ. 'ಒಳ್ಳೇದಾಯ್ತು ಬಿಡಮ್ಮಾ. ನಾನು ಬಿದ್ದಿದ್ದು ಇನ್ನೊಬ್ರ ತೋಟದ ಮಾವಿನಕಾಯಿ ಕಿತ್ಕೊಡ್ತಾ. ನೀನಾದ್ರೂ ನಿನ್ನ ಖುಷಿಗೆ ಬಿದ್ದೆ' ಅಂದು ತನ್ನ ಕೈಚೀಲವನ್ನು ಎದುರಿನ ಕುರ್ಚಿಯ ಮೇಲಿಟ್ಟು, ನನ್ನ ಕಾಲು ಅದರ ಮೇಲೆ ಚಾಚಿಕೊಳ್ಳಲು ಹೇಳಿದ. ಚೀಲದಲ್ಲಿ ಅವನ ಪಂಚೆ, ಟವಲ್ಲು ಇದ್ದವೇನೋ, ಮೆತ್ತಗಿತ್ತು. ಅವನ ಸರದಿ ಬಂದಾಗ ಚೀಲ ಬಿಟ್ಟೇ ಒಳಗೆ ಹೋದ. ಆ ಆಸ್ಪತ್ರೆಯಲ್ಲಿ ನನಗೆ ಮೊದಲು ಸಿಕ್ಕ ಚಿಕಿತ್ಸೆ ಅದು.

ಸ್ಕ್ಯಾನಿಂಗ್ ಆಯಿತು. ಲಿಗಮೆಂಟು ಪೂರ್ತಿ ಹರಿದಿದೆ, ಮತ್ತೆ ಆಡಬೇಕು ಅಂದರೆ ಆಪರೇಷನ್ ಮಾಡಬೇಕು ಅಂದರು ಡಾಕ್ಟರು. ಅಮ್ಮ ಕೇಳಿದ್ದು ಒಂದೇ, 'ಆಡದೇ ಇದ್ರೆ?' ಡಾಕ್ಟರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಪ್ಪ ಬಾಗಿಲ ಹತ್ತಿರ ನಿಂತಿದ್ದವನು ಅಲ್ಲಿಂದಲೇ, 'ಆಡ್ತಾಳೆ ಸಾರ್, ಮಾಡಿ' ಅಂದ.

ಆಪರೇಷನ್ ಬಗ್ಗೆ ಹೇಳಲು ಹೆಚ್ಚಿಲ್ಲ. ಸೊಂಟದಿಂದ ಕೆಳಗೆ ಮರಗಟ್ಟಿಸಿದರು, ನಡುವೆ ಒಂದು ಹಸಿರು ಪರದೆ. ಆ ಕಡೆ ಡ್ರಿಲ್ಲಿನ ಸದ್ದು, ಡಾಕ್ಟರು ಯಾರದೋ ಗೃಹಪ್ರವೇಶದ ವಿಷಯ ಮಾತಾಡುತ್ತಿದ್ದರು. ನನ್ನ ಕಾಲಿನ ಸದ್ದು ಅದು ಅಂತ ಗೊತ್ತಾದಾಗ ಹಲ್ಲು ಕಟಕಟ ಅನ್ನತೊಡಗಿತು. ತಲೆಯ ಹತ್ತಿರ ನಿಂತಿದ್ದ ನರ್ಸು ಗ್ಲೌಸ್ ತೆಗೆದು ಬರಿಗೈಯನ್ನು ನನ್ನ ಹಣೆಯ ಮೇಲಿಟ್ಟು ಕೊನೆಯವರೆಗೂ ನಿಂತರು. ಅವರ ಮುಖ ನಾನು ಸರಿಯಾಗಿ ನೋಡಲೇ ಇಲ್ಲ.

ನಿಜವಾದ ಕಾಯಿಲೆ ಶುರುವಾದದ್ದು ಮನೆಗೆ ಬಂದ ಮೇಲೆ. ಪವಿ ನನ್ನ ಕಾಲಾದಳು. ಬಚ್ಚಲಿಗೆ ಹೆಗಲು ಕೊಟ್ಟು ಕರೆದುಕೊಂಡು ಹೋಗುವುದು, ಹೊಲಿಗೆಗೆ ನೀರು ತಾಕದ ಹಾಗೆ ಪ್ಲಾಸ್ಟಿಕ್ ಸುತ್ತಿ ಸ್ನಾನ ಮಾಡಿಸುವುದು, ಐಸು ಕಟ್ಟುವುದು, ದಿಂಬು ಎತ್ತರಿಸುವುದು ಎಲ್ಲ ಅವಳೇ. ಡಿಗ್ರಿ ಓದುತ್ತಿದ್ದ ಹುಡುಗಿ, ಕಾಲೇಜಿಗೆ ರಜ ಹಾಕಿ ಕೂತಳು. ಅಮ್ಮ ಬೇಡ ಅಂದರೆ, 'ನಾನು ಮಾಡಿದ್ದು, ನಾನೇ ಮಾಡ್ತೀನಿ' ಅನ್ನುತ್ತಿದ್ದಳು. ನನಗೆ ರೇಗುತ್ತಿತ್ತು. ರೇಗಿದರೆ ಇನ್ನೂ ಮೆತ್ತಗಾಗುತ್ತಿದ್ದಳು. ಮೊದಲು ಒಂದು ಮಾತಿಗೆ ಹತ್ತು ಮಾತು ಆಡುತ್ತಿದ್ದವಳು, ಈಗ ನಾನು ಸಾರಿಗೆ ಉಪ್ಪು ಕಮ್ಮಿ ಅಂದರೂ 'ಸಾರಿ ಅಕ್ಕ' ಅನ್ನುವಳು. ಆ 'ಸಾರಿ' ಕೇಳಿದರೆ ನಾನು ತಟ್ಟೆ ಪಕ್ಕಕ್ಕೆ ಸರಿಸುತ್ತಿದ್ದೆ.

ಆಯ್ಕೆಯ ದಿನ ಬಂದಾಗ ಅವಳು ಹೋಗಲಿಲ್ಲ. ಹೊಟ್ಟೆನೋವು ಅಂದಳು. ಆಮೇಲೆ ಅಭ್ಯಾಸಕ್ಕೂ ಹೋಗುವುದು ನಿಲ್ಲಿಸಿದಳು. ಒಂದು ದಿನ ಅವಳ ಶೂ ಕಾಣಿಸಲಿಲ್ಲ. ಕೇಳಿದರೆ, ಟೀಮಿನ ಇನ್ನೊಬ್ಬ ಹುಡುಗಿಗೆ ಕೊಟ್ಟೆ ಅಂದಳು. 'ಕೈಯೇ ಬರಲ್ಲ ಅಕ್ಕ. ಯಾರ ಕಾಲು ಹಿಡಿಯಕ್ಕೆ ಹೋದ್ರೂ ಆ ಸದ್ದೇ ಕೇಳಿಸ್ತದೆ.' ನನಗಿಂತ ಒಳ್ಳೆಯ ಆಟಗಾರ್ತಿ ಅವಳು. ಇದು ನಾನು ತಂಗಿ ಅಂತ ಹೇಳುವ ಮಾತಲ್ಲ, ಆಡಿದವರಿಗೆಲ್ಲ ಗೊತ್ತಿತ್ತು. ನನ್ನ ಕಾಲನ್ನಾದರೂ ಹೊಲಿದು ಸರಿ ಮಾಡುತ್ತಿದ್ದರು, ಅವಳ ಆಟ ಮಾತ್ರ ನನ್ನ ಮಂಚದ ಪಕ್ಕ ಐಸು ಕಟ್ಟುತ್ತಾ ಮುಗಿದುಹೋಗುತ್ತಿತ್ತು. ಗೊತ್ತಿದ್ದೂ ನಾನು ಅವಳ ಹೆಗಲ ಮೇಲೆ ಕೈ ಹಾಕಿ ಬಚ್ಚಲಿಗೆ ಹೋಗುತ್ತಿದ್ದೆ. ಅವಳ ಕೈ ಬೇಕಿತ್ತು, ಅದಕ್ಕೆ ಸುಮ್ಮನಿದ್ದೆ. ಆ ದಿನಗಳನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಫಿಸಿಯೋಥೆರಪಿಗೆ ಅದೇ ಆಸ್ಪತ್ರೆಗೆ ಹೋಗುತ್ತಿದ್ದೆ. ನನಗೆ ವ್ಯಾಯಾಮ ಮಾಡಿಸುತ್ತಿದ್ದವರು ನಸ್ರೀನ್ ಮೇಡಂ, ಮುಳಬಾಗಿಲಿನವರು, ನನಗಿಂತ ಸ್ವಲ್ಪ ದೊಡ್ಡವರು. ಆಟಗಾರರ ಮೈ ಹೇಗೆ ಓಡುತ್ತದೆ, ಹೇಗೆ ಹಾರುತ್ತದೆ, ಎಲ್ಲಿ ತಪ್ಪುತ್ತದೆ ಅನ್ನುವುದನ್ನೇ ಓದಿ ಬಂದವರು. ಬಾಯಿ ಬಹಳ ಜೋರು. 'ಅತ್ತರೆ ಮಂಡಿ ಬಗ್ಗಲ್ಲಮ್ಮ, ಬಗ್ಗಿಸಿದ್ರೆ ಬಗ್ಗೋದು. ಅಳೋದಿದ್ರೆ ಬಗ್ಗಿಸ್ಕೊಂಡೇ ಅಳಿ' ಅನ್ನುತ್ತಿದ್ದರು. ನಾನು ಹಾಗೇ ಮಾಡಿದೆ.

ಓಡಲು ಬಿಡುವ ಹೊತ್ತು ಬಂದಾಗ, 'ಇವತ್ತು ನೀವು ನೆಲಕ್ಕೆ ಹೆಂಗೆ ಇಳೀತೀರಿ ನೋಡಣ' ಅಂದರು. ದೊಡ್ಡ ಊರಿನ ಲ್ಯಾಬುಗಳಲ್ಲಿ ಮೈಗೆ ಹೊಳೆಯುವ ಗುಂಡಿ ಅಂಟಿಸಿ, ಸುತ್ತ ಕ್ಯಾಮೆರಾ ಇಟ್ಟು ನೋಡುತ್ತಾರಂತೆ. 'ನಮ್ಮ ಹತ್ರ ಅದೆಲ್ಲ ಇಲ್ಲ. ಬಿಂದಿ ಇದೆಯಾ?' ಅಂತ ಕೇಳಿದರು. ನನ್ನ ಹತ್ತಿರ ಇರಲಿಲ್ಲ, ಅಲ್ಲೇ ಕೂತಿದ್ದ ಒಬ್ಬ ಅಮ್ಮನವರು ಪರ್ಸಿನಿಂದ ಮೆರೂನ್ ಬಣ್ಣದ ಸ್ಟಿಕ್ಕರ್ ಹಾಳೆ ತೆಗೆದುಕೊಟ್ಟರು. ಸೊಂಟದ ಹತ್ತಿರ ಒಂದು, ಮಂಡಿಯ ಮೇಲೆ ಒಂದು, ಪಾದದ ಗಂಟಿನ ಮೇಲೆ ಒಂದು ಅಂಟಿಸಿ, ನನ್ನ ಮೊಬೈಲನ್ನೇ ಎದುರಿಗೆ ಸ್ಟ್ಯಾಂಡಿನ ಮೇಲಿಟ್ಟರು. ಹೊಲಿಗೆ ಹಾಕಿದ ಕಾಲಿಗೆ ಇನ್ನೂ ಆ ಪರೀಕ್ಷೆ ಬೇಡ, ಮೊದಲು ಒಳ್ಳೆಯ ಕಾಲು ಅಂದರು. ಮೊಳದೆತ್ತರದ ಮರದ ಪೆಟ್ಟಿಗೆಯಿಂದ ಬಲಗಾಲಿನ ಮೇಲೆ ಹಾರಿದೆ. ಧಪ್ ಅಂತ ಇಳಿದೆ. ನನಗೆ ಹೆಮ್ಮೆಯೇ ಆಯಿತು, ಅಷ್ಟು ದಿನದ ಮೇಲೆ ಹಾರಿದ್ದೆನಲ್ಲ.

ವೀಡಿಯೋವನ್ನು ನಿಧಾನ ಮಾಡಿ ತೋರಿಸಿದರು. ಪಾದ ನೆಲ ಮುಟ್ಟುತ್ತದೆ, ಕಾಲು ನೇರ ಕೋಲಿನ ಹಾಗೆ ಬಿಗಿಯಾಗಿದೆ, ಆಮೇಲೆ ಮಂಡಿಯ ಬಿಂದಿ ಸರಕ್ಕನೆ ಒಳಗೆ ಹೋಗುತ್ತದೆ. ನಸ್ರೀನ್ ಮೇಡಂ ಬೆರಳಿನಿಂದ ಮೂರು ಬಿಂದಿಗೂ ಗೆರೆ ಎಳೆದರು. ನೇರ ಇರಬೇಕಾದ ಗೆರೆ ಕುಡುಗೋಲಿನ ಹಾಗೆ ಬಾಗಿತ್ತು.

'ಎಡಗಾಲು ಹೆಂಗೆ ಹೋಯ್ತು ಅಂದ್ರಿ?'

'ತಂಗಿ ಹಿಡಿದು ಎಳೆದ್ಳು ಮೇಡಂ.'

'ಈ ಬಲಗಾಲನ್ನ ಯಾರು ಎಳೆದ್ರು?'

ನಾನು ಮತ್ತೊಮ್ಮೆ ವೀಡಿಯೋ ನೋಡಿದೆ.

'ಯಾರೂ ಎಳೀಲಿಲ್ಲ ಅಲ್ವಾ? ಆದ್ರೂ ಹೆಂಗೆ ಹೋಗ್ತಿದೆ ನೋಡಿ. ಆವತ್ತು ನಾನು ಅಲ್ಲಿ ಇರ್ಲಿಲ್ಲ, ಆಣೆ ಮಾಡಕ್ಕಾಗಲ್ಲ. ಆದ್ರೆ ಹಿಂಗೆ ಇಳಿಯೋ ಕಾಲಿಗೆ ತಂಗಿ ಬೇಕಾಗಿಲ್ಲಮ್ಮ. ಬರೀ ಮ್ಯಾಟ್ ಸಾಕು.' ಆಮೇಲೆ ಅವರು ಮೊಬೈಲು ಒರೆಸುತ್ತಾ, 'ಈ ತರ ಕಾಲು ಊರೋದು ಯಾರು ಹೇಳಿಕೊಟ್ಟಿದ್ದು ನಿಮಗೆ?' ಅಂದರು.

ಯಾರು ಅಂತ ಹೇಳಲಿ. ನಮ್ಮ ಮನೆಯ ಹಿಂದೆ ಅಪ್ಪ ಪ್ರತಿ ಬೇಸಿಗೆ ಗುದ್ದಲಿಯಿಂದ ನೆಲ ಅಗೆದು, ಕಲ್ಲು ಆರಿಸಿ, ಕೆರೆಯ ಮಣ್ಣು ತಂದು ಸುರಿದು ಅಂಕಣ ಮಾಡುತ್ತಿದ್ದ. ಅಪ್ಪ ಅವನ ಕಾಲದಲ್ಲಿ ಸುತ್ತಮುತ್ತಲ ಊರಿಗೆಲ್ಲ ಹೆಸರಾದ ಆಟಗಾರ. ಗಂಡುಮಕ್ಕಳಿಲ್ಲ ಅಂತ ಒಂದು ದಿನವೂ ಕೊರಗದೆ ನಮ್ಮಿಬ್ಬರನ್ನು ಅಂಕಣಕ್ಕೆ ಇಳಿಸಿದವನು. 'ಹಾರಿದ್ಮೇಲೆ ಕಾಲು ಗೂಟ ಹೊಡ್ದಂಗೆ ಊರ್ಬೇಕು! ಮಂಡಿ ಬಗ್ಗಿಸಿದ್ರೆ ಮಲಗಿಸ್ತಾರೆ. ಸದ್ದು ಬರ್ಬೇಕು, ಎದುರು ನಿಂತೋರ ಎದೆ ಧಸಕ್ ಅನ್ಬೇಕು' ಅನ್ನುತ್ತಿದ್ದ. ಅಗೆದ ಮಣ್ಣಿನಲ್ಲಿ ಆ ಗೂಟ ನಡೆಯುತ್ತಿತ್ತು. ಕಾಲು ಊರಿದರೆ ಮಣ್ಣು ಜಾಗ ಬಿಡುತ್ತಿತ್ತು, ಒಂದಿಷ್ಟು ಜಾರುತ್ತಿತ್ತು, ಹೂತುಕೊಳ್ಳುತ್ತಿತ್ತು. ಮ್ಯಾಟು ಬಿಟ್ಟುಕೊಡಲಿಲ್ಲ. ನಾನು ಅಪ್ಪನ ಗೂಟವನ್ನು ಹಾಗೇ ಎತ್ತಿಕೊಂಡು ಹೋಗಿ ಮ್ಯಾಟಿನ ಮೇಲೆ ಹೊಡೆದಿದ್ದೆ.

'ಯಾರೋ ಊರಲ್ಲಿ' ಅಂದೆ ಮೇಡಂಗೆ.

ಆವತ್ತು ಸಂಜೆ ಮನೆಗೆ ಬಂದದ್ದು ಅಪ್ಪನ ಬಸ್ಸಿನಲ್ಲೇ. ಕೋಲಾರದಿಂದ ಶ್ರೀನಿವಾಸಪುರಕ್ಕೆ ಹೋಗುವ ಆ ಖಾಸಗಿ ಬಸ್ಸಿಗೆ ಹೋಳೂರು ದಾರಿಯಲ್ಲೇ ಸಿಗುತ್ತದೆ. ಡ್ರೈವರ್ ಸೀಟಿನ ಹಿಂದೆ ನನಗಾಗಿ ಟವಲ್ಲು ಹಾಸಿ ಜಾಗ ಹಿಡಿದಿದ್ದ. ನಾನು ಅವನ ಎಡಗಾಲನ್ನೇ ನೋಡುತ್ತಾ ಕೂತೆ. ಕ್ಲಚ್ ತುಳಿದಾಗಲೆಲ್ಲ ಅಪ್ಪ ಮುಖ ಸ್ವಲ್ಪ ಕಿವುಚುತ್ತಾನೆ. ಮೊದಲಿನಿಂದಲೂ ಹಾಗೇ. ಬಸ್ಸು ಇಳಿಯುವಾಗ ಮಂಡಿಯ ಮೇಲೆ ಕೈ ಊರಿ ಇಳಿಯುತ್ತಾನೆ, ಕೇಳಿದರೆ ಕ್ಲಚ್ಚನ್ನು ಬೈಯುತ್ತಾನೆ.

'ಏನಂದ್ರಮ್ಮಾ ಮೇಡಮ್ಮೋರು?' ಅಂತ ಕನ್ನಡಿಯಲ್ಲಿ ನನ್ನ ನೋಡಿ ಕೇಳಿದ.

'ಚೆನ್ನಾಗಿದೆ ಅಂದ್ರು ಅಪ್ಪ.'

'ಹಾರಿಸಿದ್ರಾ?'

'ಹೂಂ.'

'ಗಟ್ಟಿಯಾಗಿ ಊರಿದ್ಯಾ?'

'ಊರಿದೆ' ಅಂದೆ. ಅಪ್ಪ ಖುಷಿಯಲ್ಲಿ ಖಾಲಿ ರಸ್ತೆಗೆ ಒಂದು ಹಾರನ್ ಹೊಡೆದ.

ಅವತ್ತಿನಿಂದ ಇನ್ನೊಂದು ಬಗೆಯ ನೋವು ಶುರುವಾಯಿತು. ಪವಿಗೆ ಹೇಳಿದರೆ ಅವಳ ಎದೆ ಮೇಲಿನ ಭಾರ ಇಳಿಯುತ್ತದೆ. ಆದರೆ ಅದು ಇಳಿದು ಹೋಗುವುದು ನೇರ ಅಪ್ಪನ ತಲೆಗೆ. ಈ ಮನೆಯಲ್ಲಿ ನಮ್ಮಿಬ್ಬರ ಆಟದ ಬಗ್ಗೆ ಒಂದು ದಿನವೂ ಬೇಡ ಅನ್ನದವನು ಅವನು. ಊರವರ ಮಾತಿಗೆ ಹೆದರಿ ಅಮ್ಮ ಹಿಂಜರಿದಾಗಲೂ ಸಂಬಳದ ದಿನ ನಮಗೆ ಶೂ ತಂದುಕೊಟ್ಟವನು. ಅವನಿಗೆ ಹೋಗಿ, ನೀನು ಹೇಳಿಕೊಟ್ಟದ್ದೇ ನನ್ನ ಕಾಲು ತೆಗೆಯಿತು ಅಂತ ಹೇಗೆ ಹೇಳುವುದು? ಹಾಗಂತ ಸುಮ್ಮನಿದ್ದರೆ ಪವಿ ನನ್ನ ದಿಂಬು ಸರಿಮಾಡುತ್ತಲೇ ಇರುತ್ತಾಳೆ. ಇಬ್ಬರಲ್ಲಿ ಒಬ್ಬರನ್ನು ನೋಯಿಸಲೇಬೇಕು ಅನ್ನುವ ಹಾಗೆ ಕೂತಿದ್ದೆ. ನೋಯುತ್ತಿದ್ದದ್ದು ದಿನಾ ಪವಿಗೇ.

ಒಂದು ಭಾನುವಾರ ಹಿತ್ತಲಲ್ಲಿ ಪವಿ ಬಟ್ಟೆ ಒಗೆಯುತ್ತಿದ್ದಳು. ನನ್ನ ಬಟ್ಟೆಗಳನ್ನೇ. ಕೈಯಿಂದ ಕಿತ್ತುಕೊಂಡೆ.

'ಬಿಡೇ, ನಾನು ಒಗೀತೀನಿ.'

'ಬೇಡ ಅಕ್ಕ, ಕೂತು ಎದ್ದು ಮಾಡ್ಬೇಡ.'

'ಲೇ, ಮೇಡಂ ಹೇಳಿದ್ರು. ನೀನು ಎಳೆದಿದ್ದಕ್ಕಲ್ಲ ಹೋಗಿದ್ದು ಇದು. ನಾನು ಇಳಿಯೋದೇ ತಪ್ಪಂತೆ.'

ವೀಡಿಯೋ ತೋರಿಸಿದೆ. ಸೋಪಿನ ಕೈಯಲ್ಲೇ ಮೊಬೈಲು ಹಿಡಿದು ನೋಡಿದಳು. ಬಿಂದಿ ಒಳಗೆ ಸರಿಯುವುದನ್ನು ಮತ್ತೆ ಮತ್ತೆ ಹಿಂದಕ್ಕೆ ಹಾಕಿ ನೋಡಿದಳು. ಬಲಗಾಲು ಇದು, ಇದನ್ನು ಯಾರೂ ಮುಟ್ಟಿಲ್ಲ ಅಂದೆ. ಅವಳು ಕುಣಿಯುತ್ತಾಳೆ, ಇಲ್ಲವೇ ನನ್ನನ್ನು ಬೈಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕೂತು ಮೆಲ್ಲಗೆ ಕೇಳಿದಳು, 'ಅಪ್ಪಂಗೆ ಹೇಳಿದ್ಯಾ?'

'ಇಲ್ಲ.'

'ಹೇಳ್ಬೇಡ ಅಕ್ಕ.'

ಆಮೇಲೆ ಅತ್ತಳು. ಅಷ್ಟು ದಿನದ ಅಳು. ಒದ್ದೆ ಲಂಗದಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಆವತ್ತು ಆಸ್ಪತ್ರೆಯಲ್ಲಿ ಅಮ್ಮ ಬೈಯುವಾಗ ನಾನು ಸುಮ್ಮನಿದ್ದೆ, ಬೇಕಂತಲೇ ಸುಮ್ಮನಿದ್ದೆ ಅಂದೆ. 'ಗೊತ್ತು' ಅಂದಳು. 'ನಾನು ನಿನ್ನ ಮುಖಾನೇ ನೋಡ್ತಿದ್ದೆ.' ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವಳೇ ಮೂಗು ಒರೆಸಿಕೊಂಡು, 'ನಾನೂ ಹಂಗೇ ಅಲ್ವಾ ಇಳಿಯೋದು? ನಿನ್ನ ನೋಡೇ ಕಲ್ತಿದ್ದು' ಅಂದಳು. ಒಳಗೆ ಹೋಗಿ ಅಮ್ಮನ ಬಿಂದಿ ಹಾಳೆ ತಂದಳು. ಕಲ್ಲಿನ ಮೇಲಿಂದ ಹಾರಿದಳು. ಧಪ್.

ಬಿಂದಿ ನನ್ನದಕ್ಕಿಂತ ಹೆಚ್ಚು ಒಳಗೆ ಸರಿಯಿತು. ಅವಳು ಆಟ ಬಿಟ್ಟಳು ಅಂತ ಅಷ್ಟು ದಿನ ಕೊರಗಿದ್ದೆ. ಆಡುತ್ತಲೇ ಇದ್ದಿದ್ದರೆ ಆ ಕಾಲೂ ಇಷ್ಟು ಹೊತ್ತಿಗೆ ಏನಾಗಿರುತ್ತಿತ್ತೋ.

ಮುಂದಿನ ವಾರ ಅವಳನ್ನೂ ನಸ್ರೀನ್ ಮೇಡಂ ಹತ್ತಿರ ಕರೆದುಕೊಂಡು ಹೋದೆ. 'ಓ, ಇವರೇನಾ ಎಳೆದ ತಂಗಿ?' ಅಂತ ನಕ್ಕರು. ಪವಿಯೂ ನಕ್ಕಳು. ಆ ವಿಷಯಕ್ಕೆ ಅವಳು ನಕ್ಕಿದ್ದು ಅದೇ ಮೊದಲು. ಮೇಡಂ ಹೇಳಿಕೊಟ್ಟದ್ದು ಕೇಳಲು ಸುಲಭ: ಇಳಿಯುವಾಗ ಮಂಡಿ ಬಗ್ಗಬೇಕು, ಹಿಂದೆ ಮಣೆ ಇದೆ ಅಂದುಕೊಂಡು ಕೂರುವ ಹಾಗೆ ಸೊಂಟ ಹಿಂದೆ ಹೋಗಬೇಕು, ಮಂಡಿ ಪಾದದ ನೇರಕ್ಕೇ ಇರಬೇಕು. 'ಅಳತೆ ಗಿಳತೆ ಏನೂ ಬೇಡ. ಸದ್ದು ಕೇಳಿ. ಸದ್ದು ಬಂತು ಅಂದ್ರೆ ಏಟೆಲ್ಲ ಮಂಡೀಗೆ. ಪಕ್ಕದ ಮನೇಲಿ ಮಗು ಮಲಗಿದೆ ಅಂದ್ಕೊಂಡು ಇಳೀರಿ' ಅಂದರು. ಹುಟ್ಟಿದಾಗಿನಿಂದ ಸದ್ದು ಮಾಡಲು ಕಲಿತವರಿಗೆ ಅದು ಎಷ್ಟು ಕಷ್ಟ ಅಂತ ಅವರಿಗೇನು ಗೊತ್ತು.

ಸಂಜೆ ಸಂಜೆ ಹಿತ್ತಲಲ್ಲಿ ಶುರು ಮಾಡಿದೆವು. ಒಗೆಯುವ ಕಲ್ಲಿನ ಮೇಲಿಂದ ಪವಿ ಹಾರುವುದು, ನಾನು ಮೊಬೈಲು ಹಿಡಿಯುವುದು. ಅಪ್ಪ ಡ್ಯೂಟಿ ಮುಗಿಸಿ ಬಂದು ಒಳಗೆ ಕಾಲು ಚಾಚಿ ಟೀವಿ ನೋಡುತ್ತಿದ್ದ. ಧಪ್ ಅಂದಾಗಲೆಲ್ಲ ಒಳಗಿಂದ, 'ಹಾಂ! ಹಂಗಿರ್ಬೇಕು! ಬಂದ್ಳು ನೋಡು ನನ್ನ ಮಗಳು ದಾರೀಗೆ' ಅಂತ ಕೂಗುತ್ತಿದ್ದ. ಮಗಳು ಮತ್ತೆ ಆಟಕ್ಕೆ ಇಳಿದಳು ಅನ್ನುವ ಸಂತೋಷ ಅವನಿಗೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ತಲೆ ತಗ್ಗಿಸುತ್ತಿದ್ದೆವು. ಅವನು ಶಭಾಷ್ ಅಂದದ್ದನ್ನೇ ಅವನ ಬೆನ್ನ ಹಿಂದೆ ನಿಂತು ಅಳಿಸುತ್ತಿದ್ದೆವು. ಕಳ್ಳತನ ಮಾಡಿದ ಹಾಗೆ ಅನ್ನಿಸುತ್ತಿತ್ತು.

ವಾರಗಳು ಕಳೆದ ಹಾಗೆ ಅವಳ ಬಿಂದಿ ನೇರಕ್ಕೆ ಬಂತು. ನನಗೂ ಕಲ್ಲು ಹತ್ತಲು ಅಪ್ಪಣೆ ಸಿಕ್ಕಿತು. ಮೊದಲ ಸಲ ಎಡಗಾಲಿನ ಮೇಲೆ ಹಾರುವಾಗ ಕಣ್ಣು ಮುಚ್ಚಿಕೊಂಡೆ. ಇಳಿದ ಮೇಲೂ ತುಂಬ ಹೊತ್ತು ತೆರೆಯಲಿಲ್ಲ. 'ಅಕ್ಕಾ, ನಿಂತಿದ್ದೀಯ' ಅಂದಳು ಪವಿ.

ಒಂದು ಸಂಜೆ ಅವಳು ಬಹಳ ಹೊತ್ತಿನಿಂದ ಹಾರುತ್ತಲೇ ಇದ್ದಳು. ಒಂದಾದ ಮೇಲೆ ಒಂದು, ಬೆಕ್ಕು ಗೋಡೆಯಿಂದ ಇಳಿದ ಹಾಗೆ. ಮೈಯೆಲ್ಲ ಬೆವರು. ಒಳಗೆ ಟೀವಿ ಆರಿತು. ಅಪ್ಪನ ಧ್ವನಿ ಬಂತು.

'ಯಾಕ್ರಮ್ಮಾ, ಇವತ್ತು ಹಾರಲ್ವಾ?'

ಬಾಗಿಲಲ್ಲಿ ಅಪ್ಪ ನಿಂತಿದ್ದ. ಬೆವರಿದ ಪವಿಯನ್ನು ನೋಡಿದ, ಕಲ್ಲಿನ ಕೆಳಗೆ ಅವಳ ಪಾದ ಬಿದ್ದು ಬಿದ್ದು ಸವೆದ ಮಣ್ಣನ್ನು ನೋಡಿದ. 'ಹಾರು' ಅಂದ. ಪವಿ ನನ್ನ ಕಡೆ ನೋಡಿದಳು. ಕಲ್ಲು ಹತ್ತಿ ಹಾರಿದಳು. ಸದ್ದಿಲ್ಲ.

'ಇನ್ನೊಂದ್ಸಲ.'

ಮತ್ತೆ ಹಾರಿದಳು. ಅಪ್ಪ ಹತ್ತಿರ ಬಂದು, ಅವಳ ಮಂಡಿಯ ಮೇಲಿದ್ದ ಬಿಂದಿಯನ್ನು ಬಗ್ಗಿ ನೋಡಿದ. ನಾನು ಏನೋ ಹೇಳಲು ಹೋದೆ. ಮೇಡಂ ಮ್ಯಾಟ್‌ಗೆ ಬೇರೆ ತರ ಹೇಳಿಕೊಡ್ತಾರೆ, ಮಣ್ಣಿಗೆ ನಿಂದೇ ಸರಿ ಅಂತೇನೋ ತೊದಲಿದೆ. ಕೈ ಎತ್ತಿ ಸುಮ್ಮನಿರು ಅಂದ. ಆಟ ಆಡಿದವನು ಅವನು, ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೆಲ್ಲಗೆ ಕಲ್ಲಿನ ಮೇಲೆ ಕೂತ. ಪಂಚೆ ಮೇಲೆ ಎತ್ತಿ, ತನ್ನ ಎಡ ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅಲ್ಲಿ ಯಾವ ಹೊಲಿಗೆಯ ಗುರುತೂ ಇಲ್ಲ. ಊದಿಕೊಂಡು ಓರೆಯಾದ ಮಂಡಿ ಅದು.

'ನಂಗೂ ಒಂದ್ಸಲ ಹಂಗೇ ಸದ್ದು ಬಂದಿತ್ತು ಕಣ್ರಮ್ಮಾ. ಮದ್ವೆಗೆ ಮುಂಚೆ. ಆಮೇಲೆ ಆಡಕ್ಕಾಗ್ಲಿಲ್ಲ. ಎದುರು ಟೀಮಿನವನೊಬ್ಬ ಕಾಲು ಎಳೆದ ಅಂತ ಅವನ ಜೊತೆ ಇವತ್ತಿಗೂ ಮಾತು ಬಿಟ್ಟಿದ್ದೀನಿ' ಅಂದ.

ಪವಿ ಅವನ ಕಾಲ ಬಳಿ ಕೂತು, ನನಗೆ ಎಷ್ಟೋ ಸಲ ಮಾಡಿದ್ದ ಹಾಗೆ, ಆ ಮಂಡಿಯ ಕೆಳಗೆ ತನ್ನ ಅಂಗೈ ಇಟ್ಟಳು.

'ನಾನ್ಯಾಕಮ್ಮಾ ನಿಮಗೆ ಅದನ್ನೇ ಹೇಳ್ಕೊಟ್ಟೆ?' ಅಂದ ಅಪ್ಪ. 'ಪರ್ವಾಲೇದು ಅಪ್ಪ' ಅಂದೆ ನಾನು. ಅವನ ಮಾತೇ ನನ್ನ ಬಾಯಿಗೆ ಬಂದದ್ದು. ಅವನು ಪವಿಯ ತಲೆ ಸವರಿ, 'ಆ ಶೂ ಯಾರಿಗೆ ಕೊಟ್ಯೋ, ಹೋಗಿ ಇಸ್ಕೊಂಡ್ ಬಾ' ಅಂದ.